ಗೀಜಗ ಮೊದಲು ಜೋಕಾಲಿ ಕಟ್ಟುವುದೇಕೆ

ಲೋಕಕ್ಕೆ ಹಚ್ಚಿದ ಅರಿಶಿನ ಇನ್ನೂ ಆರಿರಲಿಲ್ಲ, ಅಷ್ಟು ಹೊಸತು ಆಗ ಎಲ್ಲ. ಹೊಳೆಗಳು ಯಾವ ಕಡೆ ಹರಿಯಬೇಕೆಂದು ದಾರಿ ಕೇಳಿಕೊಂಡು ಹೋಗುತ್ತಿದ್ದವು. ಹಕ್ಕಿಗಳಿಗೆ ರೆಕ್ಕೆ ಇತ್ತು, ಕೊಕ್ಕು ಇತ್ತು, ಮನೆ ಮಾತ್ರ ಇರಲಿಲ್ಲ. ಮಳೆ ಬಂದರೆ ಎಲೆಯ ಕೆಳಗೆ ಕೂತು ನೆನೆಯುತ್ತಿದ್ದವು.

ಹೊಳೆಯ ದಂಡೆಯಲ್ಲಿ ಒಂದು ಜಾಲಿಮರ. ಆ ಮರದಲ್ಲಿ ಗೀಜಗನೂ ಅವನ ಹೆಂಡತಿ ಹೊನ್ನಿಯೂ ಇದ್ದರು. ಕೆಲಸ ಎಂಬುದೇನೂ ಇರಲಿಲ್ಲ ಅವರಿಗೆ. ಕಾಳು ತಿನ್ನುವುದು, ಮಧ್ಯಾಹ್ನ ನೆರಳಲ್ಲಿ ತೂಕಡಿಸುವುದು, ಎದ್ದ ಮೇಲೆ ಉದ್ದನೆಯ ಹುಲ್ಲಿನ ಗರಿ ಹಿಡಿದು ಜೀಕುವುದು. ಗಾಳಿಗೂ ಬೇರೆ ಕೆಲಸವಿರಲಿಲ್ಲ. ಅದು ತೂಗುತ್ತಿತ್ತು, ಇವರು ತೂಗಿಸಿಕೊಳ್ಳುತ್ತಿದ್ದರು.

ಒಂದು ದಿನ ಹೀಗೆ ಜೀಕುವಾಗ ಗೀಜಗ ತಲೆಕೆಳಗಾಗಿ ಲಾಗ ಹಾಕಿದ. ಹೊನ್ನಿ ಅವನ ಅಡಿಯಿಂದ ನುಸುಳಿ ಆಚೆ ಬಂದಳು. ಎರಡು ಗರಿಗಳು ಒಂದಕ್ಕೊಂದು ಸುತ್ತಿಕೊಂಡು ಬಿಗಿದವು. ಎಳೆದರೂ ಬಿಡಲಿಲ್ಲ.

"ನೋಡ್ರೀ, ಹುಲ್ಲಿಗೆ ಗಂಟು ಬಿತ್ತು!" ಎಂದು ಹೊನ್ನಿ ಬಿದ್ದು ಬಿದ್ದು ನಕ್ಕಳು.

ಲೋಕದ ಮೊದಲ ಗಂಟು ಅದು. ಯಾರೂ ಬೆವರು ಸುರಿಸಿ ಹಾಕಿದ್ದಲ್ಲ, ಆಟದಲ್ಲಿ ಬಿದ್ದದ್ದು.

ಗೀಜಗ ಆ ಗಂಟನ್ನು ನೋಡುತ್ತಾ ನೋಡುತ್ತಾ ಸುಖವಾಗಿ ನಿದ್ದೆ ಹೋದ. ಬೆಳಗ್ಗೆ ಏಳುವಾಗ ಅವನ ತಲೆಯಲ್ಲಿ ಒಂದು ಮನೆ ತೂಗಾಡುತ್ತಿತ್ತು! ಗಂಟಿಗೆ ಗಂಟು ಸೇರಿಸಿ ಅದನ್ನು ಹಾಗೆಯೇ ಕಟ್ಟಿದ. ಮೇಲೆ ಗುಂಡನೆಯ ಕೋಣೆ, ಕೆಳಗೆ ಇಳಿಬಿದ್ದ ಕೊಳವೆಯಂಥ ಬಾಗಿಲು. ಮಳೆ ಬಂತು. ಒಂದು ಹನಿಯೂ ಒಳಗೆ ಬರಲಿಲ್ಲ.

ಸುದ್ದಿಗೆ ರೆಕ್ಕೆ ಬೇಕೇ? ಕಾಗೆ ಬಂತು, ಗುಬ್ಬಿ ಬಂತು, ಪಾರಿವಾಳದ ತಂಗಿ ಬೆಳವಕ್ಕಿ ಬಂತು. "ಗೀಜಣ್ಣಾ, ನಮಗೂ ಒಂದು ಮನಿ ಕಟ್ಟಿಕೊಡೋ" ಎಂದವು. ಗೀಜಗ ಹಿಗ್ಗಿ ಹೀರೇಕಾಯಿಯಾದ. ಗುಬ್ಬಿಗೆ ಎರಡು ಕೋಣೆ ಕಟ್ಟಿದ. ಕಾಗೆಗೆ, ಅದರ ಗಂಟಲಿಗೆ ತಕ್ಕ ಹಾಗೆ, ದೊಡ್ಡ ಬಾಗಿಲು ಇಟ್ಟ. ಒಂದರಂತೆ ಇನ್ನೊಂದಿಲ್ಲ. ಹಕ್ಕಿಗಳು ಜೋಳದ ತೆನೆ ತಂದು ಜಾಲಿಯ ಬುಡದಲ್ಲಿ ರಾಶಿ ಹಾಕಿದವು. ಗೀಜಗನ ಉದ್ಯೋಗ ಭರಭರನೆ ಏರಿತು.

ಅಷ್ಟರಲ್ಲಿ ಶ್ರಾವಣ ಬಂತು.

"ನಾಗರಪಂಚಮಿ ಬಂತ್ರೀ," ಎಂದಳು ಹೊನ್ನಿ. "ನನಗೊಂದು ಜೋಕಾಲಿ ಕಟ್ಟಿಕೊಡ್ರಿ. ಇಬ್ಬರೂ ಕೂಡಿ ಜೀಕೋಣು."

"ಈ ಕಾಗಿ ಮನಿ ಒಂದು ಮುಗೀಲಿ. ನಾಳೆ ಕಟ್ಟತೀನಿ."

ಕಾಗೆಯ ಮನೆ ಮುಗಿಯಿತು. ಬೆಳವಕ್ಕಿಯದು ಶುರುವಾಯಿತು. ಹೊನ್ನಿ ಮತ್ತೆ ಕೇಳಿದಳು. ಗೀಜಗ ಮತ್ತೆ ನಾಳೆ ಎಂದ. ಆ ನಾಳೆಗೂ ಒಂದು ನಾಳೆ ಹುಟ್ಟಿತು.

ಹೊಳೆ ಇದನ್ನೆಲ್ಲ ಕೆಳಗಿನಿಂದ ನೋಡುತ್ತಿತ್ತು. "ಏ ಗೀಜಗಾ, ಒಂದೀಟು ಕೂಡೋ," ಎಂದಿತು. "ನಾ ಸಮುದ್ರದ ತನಕ ಹೋಗಾಕಿ. ಆದರೂ ಮಡುವಿನಾಗ ಕೂತು, ದಣಿವಾರಿಸಿಕೊಂಡು ಹೋಗತೀನಿ."

"ನೀ ಹರಿಯಾಕಿ, ನಾ ದುಡಿಯಾಂವ. ನಿನಗ ಗೊತ್ತಾಗಾಂಗಿಲ್ಲ ಬಿಡು," ಎಂದ ಗೀಜಗ. ಹೊಳೆ ತನ್ನ ಪಾಡಿಗೆ ತಾನು ಹರಿಯಿತು. ಕೇಳದವರಿಗೆ ಹೇಳಿ ಏನು ಫಲ?

ಗೀಜಗ ಜೀಕುವುದನ್ನು ಬಿಟ್ಟ. ತೂಕಡಿಸುವುದನ್ನು ಬಿಟ್ಟ. ನಿದ್ದೆಯಲ್ಲೂ ಅವನ ಕೊಕ್ಕು ಗಂಟು ಹಾಕುತ್ತಿತ್ತು. ಈಗ ಬೆಳಗ್ಗೆ ಎದ್ದರೆ ತಲೆಯಲ್ಲಿ ಏನೂ ತೂಗುತ್ತಿರಲಿಲ್ಲ. ಎಲ್ಲರಿಗೂ ಒಂದೇ ಥರದ ಮನೆ ಕಟ್ಟಿದ.

"ಇದು ಮೊನ್ನೆ ಕಾಗಿಗೆ ಕಟ್ಟಿದ್ದ ಅಲ್ಲೇನು?" ಎಂದು ಗುಬ್ಬಿ ಕಿಚಾಯಿಸಿತು.

ಗೀಜಗನಿಗೆ ಚುರುಕ್ಕೆಂದಿತು. ತಾನು ಸಾಕಷ್ಟು ದುಡಿಯುತ್ತಿಲ್ಲ, ಅದಕ್ಕೇ ಹೀಗಾಯಿತು ಎಂದುಕೊಂಡ. ಎಣ್ಣೆ ತೀರಿದ ದೀಪದ ಬತ್ತಿ ಮುಂದೆ ಮಾಡಿದ ಹಾಗೆ, ಇನ್ನೂ ಹೆಚ್ಚು ದುಡಿದ.

ಒಂದು ಮುಂಜಾನೆ ಹೊನ್ನಿ ಅವನ ಬೆನ್ನ ಹಿಂದೆ ಬಂದು ಕೂತಳು.

"ನಾ ತವರಿಗೆ ಹೋಗತೀನ್ರೀ. ಅಲ್ಲಿ ಜೋಕಾಲಿ ಕಟ್ಟ್ಯಾರಂತ. ನೀವು ಕರಿಯಾಕ ಬರ್ರಿ, ಹಂಗ ಒಂದೆರಡು ಸಲ ಜೀಕಿ ಬರೋಣು."

ಲೋಕ ಎಷ್ಟು ಹೊಸದಾಗಿದ್ದರೇನು, ಹೆಣ್ಣಿಗೆ ತವರು ಮಾತ್ರ ಆಗಲೂ ಇತ್ತು. ತವರಿಗೆ ಹೋದವಳನ್ನು ಗಂಡ ಹೋಗಿ ಕರೆದು ತರುವ ರೂಢಿಯೂ ಇತ್ತು.

ಗೀಜಗನ ಕೊಕ್ಕಿನ ತುಂಬ ಹುಲ್ಲು. "ಹೂಂ," ಎಂದ. ತಿರುಗಿ ನೋಡಲಿಲ್ಲ. ಹೊನ್ನಿ ಇನ್ನೂ ಸ್ವಲ್ಪ ಹೊತ್ತು ಆ ಕೊಂಬೆಯಲ್ಲೇ ಕೂತಿದ್ದಳು. ಆಮೇಲೆ ಹಾರಿದಳು. ಗೀಜಗನಿಗೆ ಒಳಗೊಳಗೆ ಹಾಯೆನಿಸಿತು. ಇನ್ನು ಜೋಕಾಲಿ ಜೋಕಾಲಿ ಎಂದು ಪೀಡಿಸುವವರಿಲ್ಲ, ಕೆಲಸ ಸಾಗುತ್ತದೆ ಎಂದುಕೊಂಡ. ಪಾಪ, ಹಾಗೂ ಅಂದುಕೊಂಡ.

ಪಂಚಮಿ ಬಂತು, ಹೋಯಿತು. ಕರೆಯಲು ಹೋಗಬೇಕು ಎಂಬುದು ಅವನಿಗೆ ಆಗಾಗ ನೆನಪಾಗುತ್ತಿತ್ತು. ಈ ಮನೆ ಮುಗಿಯಲಿ, ನಾಳೆ ಹೋಗುತ್ತೇನೆ ಎನ್ನುತ್ತಿದ್ದ.

ಆಮೇಲೆ ಒಂದು ಸಂಜೆ ಗಾಳಿ ಜೋರಾಗಿ ಬೀಸಿತು. ದಣಿದ ಕೊಕ್ಕು ಹಾಕಿದ ಗಂಟು ಸಡಿಲವಾಗಿತ್ತು. ಬೆಳವಕ್ಕಿಯ ಮನೆ ಮೊಟ್ಟೆಗಳ ಸಮೇತ ಹೊಳೆಗೆ ಬಿತ್ತು.

ಬೆಳವಕ್ಕಿ ಅತ್ತಿತು. "ನಿನ್ನ ಮನಿನೂ ಬ್ಯಾಡ, ನಿನ್ನ ಗಂಟೂ ಬ್ಯಾಡ. ಇನ್ನ ಮ್ಯಾಲೆ ನನಗ ನಾಕು ಕಡ್ಡಿ ಸಾಕು," ಎಂದು ಹಾರಿಹೋಯಿತು. ಕಾಗೆಯೂ ಗುಬ್ಬಿಯೂ ಹೆದರಿ ಮನೆ ಬಿಟ್ಟವು. ಜಾಲಿಯ ಬುಡಕ್ಕೆ ತೆನೆ ತರುವವರು ಯಾರೂ ಉಳಿಯಲಿಲ್ಲ.

ಗೀಜಗ ಎಷ್ಟೋ ದಿನಗಳ ಮೇಲೆ ಸುಮ್ಮನೆ ಕೂತ. ಕೂತಲ್ಲೇ ಕಣ್ಣು ಮುಚ್ಚಿತು. ಬಹಳ ಹೊತ್ತು ಮಲಗಿದ.

ಎದ್ದಾಗ ತಲೆಯಲ್ಲಿ ಏನೋ ತೂಗುತ್ತಿತ್ತು. ಮನೆಯಲ್ಲ. ಒಂದು ಜೋಕಾಲಿ.

ದಡಬಡಿಸಿ ಹಸಿರು ಹುಲ್ಲು ತಂದ. ಮೇಲೆ ಕಮಾನು, ಕೆಳಗೆ ಇಬ್ಬರು ಕೂರುವಂಥ ಅಡ್ಡಪಟ್ಟಿ. ಗಂಟು ಎಷ್ಟು ಬಿಗಿ, ನೇಯ್ಗೆ ಎಷ್ಟು ನಯ! ಅಂಥದ್ದನ್ನು ಅವನು ಯಾರಿಗೂ ಕಟ್ಟಿಕೊಟ್ಟಿರಲಿಲ್ಲ. ಖುಷಿಯಿಂದ ತಿರುಗಿ, "ಹೊನ್ನೀ, ಬಾರ ಇಲ್ಲೆ!" ಎಂದು ಕೂಗಿದ.

ಕೊಂಬೆ ಖಾಲಿಯಾಗಿತ್ತು.

ಆಗ ಅವನಿಗೆ ತಾನು ಕರೆಯಲು ಹೋಗದ್ದು ನೆನಪಾಯಿತು. ತವರಿನ ಮರಕ್ಕೆ ಹಾರಿ ಹೋದ. ಅಲ್ಲಿ ಹೊನ್ನಿ ಇರಲಿಲ್ಲ. ಗಾಳಿಯನ್ನು ಕೇಳಿದ.

"ಇದ್ದಳಪ್ಪ," ಎಂದಿತು ಗಾಳಿ. "ನಾ ಎಷ್ಟು ಕರೆದರೂ ಜೋಕಾಲಿ ಏರಲಿಲ್ಲ. ಅವರು ಬರತಾರ, ಕೂಡಿ ಜೀಕತೀವಿ ಅಂತ ದಾರಿ ನೋಡಿದಳು. ಪಂಚಮಿ ಹೋತು, ಜೋಕಾಲಿ ಬಿಚ್ಚಿದರು. ಆಮ್ಯಾಲೆ ಒಂದು ದಿನ ಗುಂಪಿನ ಕೂಡ ಹಾರಿದಳು. ಎಲ್ಲಿಗೆ ಹೋದಳೋ ನನಗೂ ತಿಳೀಲಿಲ್ಲ."

ಗೀಜಗ ಜಾಲಿಮರಕ್ಕೆ ಮರಳಿದ. ಹೊನ್ನಿಗೆ ದೂರದಿಂದಲೂ ಕಾಣಲೆಂದು ತಲೆಗೆ ಅರಿಶಿನ ಬಳಿದುಕೊಂಡ. ಜೋಕಾಲಿಗೆ ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆ ಬಡಿದು ಬಡಿದು ಕೂಗಿದ. ಹಸಿರು ಹುಲ್ಲು ಒಣಗಿ ಕಂದಾಯಿತು. ಹೊನ್ನಿ ಬರಲಿಲ್ಲ. ಮಾರನೆಯ ವರ್ಷ ಹೊಸದು ಕಟ್ಟಿದ. ಆಗಲೂ ಬರಲಿಲ್ಲ.

ಅವನನ್ನು ನೋಡಿದ ಗೀಜಗಗಳೆಲ್ಲ ಅಂದಿನಿಂದ ಪಾಠ ಕಲಿತವು. ಮೊದಲು ಜೋಕಾಲಿ, ಆಮೇಲೆ ಮನೆ. ಹೆಣ್ಣುಹಕ್ಕಿ ಬಂದು ಕೂತು, ಜೀಕಿ, ಮೆಚ್ಚಿದರೆ ಮಾತ್ರ ಸುತ್ತ ಗೋಡೆ ನೇಯ್ದು ಮನೆ ಮಾಡುತ್ತವೆ. ಯಾರೂ ಬರದಿದ್ದರೆ ಅದನ್ನು ಹಾಗೆಯೇ ಬಿಡುತ್ತವೆ, ಬಿಚ್ಚುವುದಿಲ್ಲ.

ಅದಕ್ಕೇ ಮಗೂ, ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಜಾಲಿಮರದಲ್ಲಿ, ನಡುವೆ ಅಡ್ಡಪಟ್ಟಿ ಇರುವ ಅರ್ಧ ಗೂಡು ಕಂಡರೆ ಅದನ್ನು ಸೋಮಾರಿ ಹಕ್ಕಿ ಬಿಟ್ಟುಹೋದ ಮನೆ ಎನ್ನಬೇಡ. ಅದು ತಡವಾಗಿ ಕಟ್ಟಿದ ಜೋಕಾಲಿ, ಹೊನ್ನಿ ಬಂದಾಳೆಂದು ಇವತ್ತಿಗೂ ಖಾಲಿ ತೂಗುತ್ತಿದೆ.