ಒಂಬತ್ತು ಹುಣ್ಣಿಮೆಯ ಕಾಯಿ

ನಮ್ಮೂರ ಹಾಯಿದೋಣಿ ಕ್ಲಬ್ಬಿಗೆ ಐವತ್ತು ತುಂಬಿದ ವರ್ಷ ನಾನೇ ಅಧ್ಯಕ್ಷ. ಕ್ಲಬ್ಬಿನ ಇತಿಹಾಸ ಬರೆಯುವ ಕೆಲಸ ಗುಮಾಸ್ತನಿಗೆ ಬಿತ್ತು.

"ಒಂಬತ್ತು ವರ್ಷದ ಹಿಂದೆ ಗಾಳಿ ಎದ್ದಾಗ ಮೀನುಗಾರ ದೇಮು ಹರಿಕಂತ್ರನನ್ನು ನಾನು ಕಾಪಾಡಿದೆ ಅಂತ ಬರಿ. ಆಗದಿದ್ದರೆ ಬೇರೆ ಕೆಲಸ ನೋಡಿಕೋ," ಅಂದೆ. ನಿಜವಾಗಿ ಮಗುಚಿದ್ದು ನನ್ನ ದೋಣಿ. ನನ್ನನ್ನು ಎಳೆದು ದಡ ಸೇರಿಸಿದವನು ದೇಮು.

ಗುಮಾಸ್ತ ಹೇಳಿದ ಹಾಗೇ ಬರೆದ. ಬರೆದದ್ದನ್ನು ದೇಮುವಿಗೂ ಓದಿ ಹೇಳಿದ.

ನಮ್ಮ ಕಡಲ ದಂಡೆಯಲ್ಲಿ ಒಂದು ರೂಢಿ. ನೀರಿನಲ್ಲಿ ಜೀವ ಉಳಿಸಿದವರ ಮನೆಗೆ, ಬದುಕಿಕೊಂಡವರು ಪ್ರತಿ ವರ್ಷ ಶ್ರಾವಣದ ನೂಲ ಹುಣ್ಣಿಮೆಗೆ ಒಂದು ತೆಂಗಿನಕಾಯಿ ಕೊಟ್ಟು ಬರಬೇಕು. ನಾನು ಒಮ್ಮೆಯೂ ಕೊಟ್ಟವನಲ್ಲ.

ಕ್ಲಬ್ಬಿನ ಸಭೆಗೆ ದೇಮು ಗೋಣಿಚೀಲ ಹೊತ್ತು ಬಂದ. ಎಲ್ಲರೆದುರು ನನ್ನ ಕಾಲ ಬಳಿ ಒಂಬತ್ತು ಕಾಯಿ ಇಟ್ಟ.

"ನೀವು ಉಳಿಸಿದ್ದು ಗೊತ್ತೇ ಇರಲಿಲ್ಲ ಒಡೆಯಾ. ಒಂಬತ್ತು ಹುಣ್ಣಿಮೆ ತಪ್ಪಿಸಿಬಿಟ್ಟೆ, ತಪ್ಪಾಯ್ತು," ಅಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಗುಮಾಸ್ತ ಪೆನ್ನು ತೆಗೆದು ಮೆಲ್ಲಗೆ ಕೇಳಿದ, "ಇದನ್ನೂ ಇತಿಹಾಸಕ್ಕೆ ಸೇರಿಸಲಾ ಸರ್?"

ಸಂಜೆ ಆ ಗೋಣಿಯನ್ನು ನಾನೇ ಹೊತ್ತು ದೇಮುವಿನ ಮನೆ ಬಾಗಿಲಲ್ಲಿ ಇಳಿಸಿದೆ. ಇಳಿಸಿದ ಮೇಲೆ ಹೊಳೆಯಿತು, ಋಣ ತೀರಿಸಲು ಒಯ್ದ ಕಾಯಿಯೂ ಅವನದೇ.