ಕೈ ತೊಳೆದ ನೀರು

ಮುರಿಗೆಪ್ಪಜ್ಜನ ಆಶ್ರಮದಲ್ಲಿ ಶಿಷ್ಯರು ಆರು ಮಂದಿ. ಅಜ್ಜ ಬೈಯುತ್ತಿದ್ದುದು ಶಾಂಭವಿಯೊಬ್ಬಳನ್ನೇ. ಅದಕ್ಕೆ ಉಳಿದ ಐವರಿಗೂ ಒಳಗೊಳಗೇ ಹೊಟ್ಟೆಕಿಚ್ಚು.

ಶಾಂಭವಿ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಹನ್ನೆರಡು ವರ್ಷ ದುಡಿದ ಮೇಲೆ ಮನಸ್ಸಿಗೆ ಏನೋ ಸಾಲದು ಅನ್ನಿಸಿತು. ಕೆಲಸ ಬಿಟ್ಟು ಈ ಹೊಳೆದಂಡೆಗೆ ಬಂದಳು. ಬಂದ ದಿನವೇ ಕೇಳಿದಳು, "ನನಗ ಧ್ಯಾನ ಕಲಸ್ತೀರೇನ್ರಿ ಅಜ್ಜಾರ?"

ಅಜ್ಜ ಹೊಳೆಯ ಆಚೆ ದಂಡೆ ತೋರಿಸಿದರು. ಅಲ್ಲಿ ಕಲ್ಲಿನ ಕ್ವಾರಿ. ಅದರ ಮಗ್ಗುಲಿಗೆ ತಗಡಿನ ಗುಡಿಸಲುಗಳು. ಕಲ್ಲು ಒಡೆಯುವವರ ಎಂಬತ್ತು ಮನೆ.

"ಅಲ್ಲಿಯವರಿಗೆ ಜ್ವರಾ ಬಂದ್ರ ದವಾಖಾನಿಗೆ ಹದಿನೆಂಟು ಮೈಲಿ ಹೋಗಬೇಕು. ಮುಟ್ಟೂದ್ರಾಗ ಜ್ವರಾನರ ಬಿಡತೈತಿ, ಜೀವಾನರ ಬಿಡತೈತಿ. ಅಲ್ಲೊಂದು ದವಾಖಾನಿ ಮಾಡು."

"ಧ್ಯಾನ?"

"ಪುರಸೊತ್ತು ಸಿಕ್ಕಾಗ ಮಾಡುವಂತಿ."

ಪುರಸೊತ್ತು ಸಿಗಲಿಲ್ಲ. ಭಕ್ತರನ್ನು ಕಾಡಿ ಬೇಡಿ, ವರ್ಷದೊಳಗೆ ಶಾಂಭವಿ ಆ ದಂಡೆಯಲ್ಲಿ ಒಂದು ಕೋಣೆ ಎಬ್ಬಿಸಿದಳು. ಸುಣ್ಣ ಹೊಡೆಸಿದಳು. ಎರಡು ಮಂಚ, ಔಷಧಿಯ ಕಪಾಟು, ಹಸಿರು ಪರದೆ, ಪರದೆಯ ಹಿಂದೆ ಒಂದು ಕೈ ತೊಳೆಯುವ ಬೋಗುಣಿ. ದಿನಾ ಮುಂಜಾನೆ ಹರಗೋಲು ಹತ್ತಿ ಆಚೆ ಹೋಗುವಳು. ಕುಡಿಯಲು, ತೊಳೆಯಲು ಆಶ್ರಮದ ಬಾವಿಯ ನೀರೇ ಕೊಡದಲ್ಲಿ ಜೊತೆಗೆ ಹೋಗುತ್ತಿತ್ತು.

ಮೊದಲ ವಾರ ಒಂಬತ್ತು ಮಂದಿ ಬಂದರು. ಎರಡನೆಯ ವಾರ ಇಬ್ಬರು. ಮೂರನೆಯ ವಾರ ಒಂದು ಆಡು ಬಂತು, ನೆರಳಿಗೆ.

ಶಾಂಭವಿ ಅಜ್ಜನ ಮುಂದೆ ಬಂದು ಕೂತಳು.

"ಜನಾ ಬರವಲ್ರು ಅಜ್ಜಾರ."

"ಯಾಕಂತ?"

"ತಿಳುವಳಿಕಿ ಇಲ್ಲ. ಇನ್ನೇನು. ಗುಳಿಗಿ ಕೊಟ್ರ ತಾಯತಾ ಕೇಳ್ತಾರ."

ಅಜ್ಜ ಎಡಗಾಲು ಮುಂದೆ ಚಾಚಿದರು. ಹಿಮ್ಮಡಿ ಬಿರಿದು ರಕ್ತ ಜಿನುಗುತ್ತಿತ್ತು.

ಶಾಂಭವಿಗೆ ದುಃಖ ಮರೆತೇ ಹೋಯಿತು. "ಅಯ್ಯ, ಇದೇನಿದು! ಎಷ್ಟ ದಿನಾ ಆತು? ಒಬ್ಬರಿಗರ ಹೇಳಬಾರ್ದೇನ್ರಿ?" ಎಂದು ಗದರುತ್ತಲೇ ಬಿಸಿನೀರು ತಂದಳು. ಬಿರುಕಿನೊಳಗಿನ ಮಣ್ಣು ತೆಗೆದಳು, ಮುಲಾಮು ಹಚ್ಚಿದಳು, ಬಟ್ಟೆ ಸುತ್ತಿದಳು. ಆಮೇಲೆ ಎದ್ದು ಹೋಗಿ, ಸಾಬೂನು ಹಚ್ಚಿ ಮೊಣಕೈತನಕ ತಿಕ್ಕಿ ತಿಕ್ಕಿ ಕೈ ತೊಳೆದುಕೊಂಡಳು.

ಅಜ್ಜ ಕಾಲು ಒಳಗೆಳೆದುಕೊಂಡರು. "ಅಷ್ಟು ಹೊಲಸಿತ್ತೇನ ನನ್ನ ಹಿಮ್ಮಡಿ?"

ಶಾಂಭವಿ ನಕ್ಕಳು. "ಏನ್ ಅಜ್ಜಾರ ನೀವು! ಅದು ದವಾಖಾನಿ ಪದ್ಧತಿ. ಬ್ಯಾನಿ ಒಬ್ಬರಿಂದ ಒಬ್ಬರಿಗೆ ಹತ್ತಬಾರ್ದಂತ."

"ನನಗ ಗೊತ್ತೈತಿ," ಎಂದರು ಅಜ್ಜ. "ಹಿಮ್ಮಡಿಗೆ ಗೊತ್ತಿಲ್ಲ."

ಅಷ್ಟು ಹೇಳಿ ಕಣ್ಣು ಮುಚ್ಚಿದರು. ಇನ್ನು ಕೇಳಿದರೆ ಬೈಗುಳವೇ ಅಂತ ಶಾಂಭವಿಗೆ ಗೊತ್ತಿತ್ತು. ಎದ್ದು ಹೋದಳು. ಮಾತಿನ ತುದಿ ಬುಡ ಹತ್ತಲಿಲ್ಲ.

ನಾಲ್ಕು ದಿನ ಕಳೆದವು. ಐದನೆಯ ದಿನ ಮುಂಜಾನೆ ಹರಗೋಲಿನ ಬರಮಪ್ಪ ಹುಟ್ಟು ಹಾಕುತ್ತಾ ಹೇಳಿದ, "ಹುಲಿಗೆವ್ವನ ಮೊಮ್ಮಗಳಿಗೆ ವಾಂತಿಭೇದಿ ಹತ್ತೇತ್ರಿ ಅಕ್ಕಾರ. ನಿನ್ನೆ ಮಧ್ಯಾಹ್ನದಿಂದ. ಹನ್ನೊಂದು ತಿಂಗಳ ಕೂಸು."

"ನಿನ್ನೆ ನಾ ಅಲ್ಲೇ ಇದ್ನಲ್ಲ! ನೂರು ಹೆಜ್ಜಿ ಇಲ್ಲ ಅವರ ಮನಿ. ಯಾಕ ತರ್ಲಿಲ್ಲ?"

ಬರಮಪ್ಪ ನೀರು ನೋಡುತ್ತಾ ಹುಟ್ಟು ಹಾಕಿದ.

ದಂಡೆ ಮುಟ್ಟಿದ್ದೇ ಶಾಂಭವಿ ಓಡಿದಳು. ಹುಲಿಗೆವ್ವ ಗುಡಿಸಲ ಬಾಗಿಲಲ್ಲಿ ನಿಂತಿದ್ದಳು. ಕಲ್ಲು ಒಡೆದು ಒಡೆದು ಕಲ್ಲಿನಂತೆಯೇ ಆದ ಹೆಂಗಸು. ಒಳಗೆ ಸೊಸೆಯ ಅಳು ಕೇಳುತ್ತಿತ್ತು. ಕೂಸಿನ ಅಳು ಕೇಳುತ್ತಿರಲಿಲ್ಲ. ಅದೇ ಶಾಂಭವಿಗೆ ಹೆದರಿಕೆ ಹುಟ್ಟಿಸಿತು.

ಒಳಗೆ ಹೆಜ್ಜೆ ಇಡಹೋದಳು. ಹುಲಿಗೆವ್ವ ಚೌಕಟ್ಟಿಗೆ ಕೈ ಅಡ್ಡ ಇಟ್ಟಳು.

"ನೀವು ಬ್ಯಾಡ್ರಿ ಅಕ್ಕಾರ."

"ಯಾಕ?"

"ಮುಟ್ಟಿದ ಮ್ಯಾಲ ಮತ್ತ ಕೈ ತೊಳ್ಕೊಬೇಕಾಗತೈತಿ ನೀವು. ನಮ್ಮ ಮನ್ಯಾಗ ಸಾಬಾನಿಲ್ಲ."

ಶಾಂಭವಿಯ ಮುಖಕ್ಕೆ ಹೊಡೆದಂತಾಯಿತು.

ಹೇಳಬೇಕಾದ ಮಾತೆಲ್ಲ ನಾಲಗೆಯ ತುದಿಗೆ ಬಂತು. ರೋಗಾಣು, ಆಸ್ಪತ್ರೆಯ ನಿಯಮ, ಹನ್ನೆರಡು ವರ್ಷದ ಅಭ್ಯಾಸ. ಯಾರನ್ನೂ ಹೀಗಳೆದು ತೊಳೆದದ್ದಲ್ಲ, ದೇವರಾಣೆ ಅಲ್ಲ. ಬಾಯಿ ತೆರೆದಳು. ಆಗ ಅಜ್ಜನ ಬಿರಿದ ಹಿಮ್ಮಡಿ ಕಣ್ಣ ಮುಂದೆ ಬಂತು.

ಬಾಯಿ ಮುಚ್ಚಿಕೊಂಡಳು. ಚೀಲ ಕೆಳಗಿಟ್ಟಳು. ಎರಡೂ ಕೈ ಮುಂದೆ ಚಾಚಿದಳು.

"ಹುಲಿಗೆವ್ವ, ನನ್ನ ಕೈ ಹೊಲಸ ಅದಾವು. ಹರಗೋಲಿನ ಹಗ್ಗಾ ಹಿಡದು ಬಂದೀನಿ. ಈ ಕೈಲೆ ಕೂಸಿನ್ನ ಮುಟ್ಟಬಾರ್ದು. ಒಂದು ತಂಬಿಗಿ ನೀರು ಹಾಕವ್ವ."

ಹುಲಿಗೆವ್ವ ನಂಬಲಿಲ್ಲ. "ನಮ್ಮ ನೀರೇನ್ರಿ?"

"ಮತ್ಯಾರದು? ಲಗೂನ ಹಾಕು."

ಹುಲಿಗೆವ್ವ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಒಳಗಿಂದ ತಂಬಿಗೆ ತಂದು, ಬಗ್ಗಿ, ನಿಧಾನವಾಗಿ ನೀರು ಹಾಕಿದಳು. ಶಾಂಭವಿ ಚೀಲದಿಂದ ಸಾಬೂನು ತೆಗೆದು ತಿಕ್ಕಿಕೊಂಡಳು. ಅಂಗೈಯ ಮೇಲೆ ಬಿದ್ದ ನೀರು ತೆಳು ಹಸಿರಾಗಿತ್ತು. ಪಾಚಿಯ ವಾಸನೆ. ವರ್ಷಗಟ್ಟಲೆ ಈ ಮನೆಯವರು ಕುಡಿಯುತ್ತಿದ್ದ ನೀರನ್ನು ಅವಳು ನೋಡಿದ್ದು ಅದೇ ಮೊದಲು.

ಕೂಸು ಒಣಗಿದ ಸೊಪ್ಪಿನಂತೆ ತಾಯಿಯ ತೊಡೆಯ ಮೇಲಿತ್ತು. ಕಣ್ಣು ಗುಳಿ ಬಿದ್ದಿದ್ದವು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ತಟ್ಟನೆ ಕೆಳಗಿಳಿಯುತ್ತಿರಲಿಲ್ಲ. ತುಟಿಗೆ ಚಮಚ ತಾಗಿಸಿದಾಗ ಮಾತ್ರ ನಾಲಗೆ ಚಾಚಿತು.

"ಕುಡಿಯಾಕತ್ತೇತಿ," ಎಂದಳು ಶಾಂಭವಿ. "ಕುಡಿಯೂತನಾ ಹೆದರಿಕಿಲ್ಲ, ಉಚ್ಚಿ ಹೊಯ್ದ್ರ ಗೆದ್ದಂಗ. ಬರಮಪ್ಪಗ ಹೇಳಿ ಒಂದು ಗಾಡಿ ತಯಾರ ಇಡಸ್ರಿ. ಮಧ್ಯಾಹ್ನದೊಳಗ ಚೇತರಿಸಲಿಲ್ಲಂದ್ರ ಪಟ್ಟಣಕ್ಕ ಒಯ್ಯೂಣು."

ಚೀಲದಲ್ಲಿ ಕುದಿಸಿ ಆರಿಸಿದ ನೀರಿನ ಬಾಟಲಿಯಿತ್ತು. ಅದರಲ್ಲಿ ಓಆರ್‌ಎಸ್ ಪೊಟ್ಟಣ ಕಲಸಿದಳು. ಒಂದು ಚಮಚ ಹಾಕುವುದು, ಕಾಯುವುದು, ಮತ್ತೊಂದು ಚಮಚ. ಕೂಸು ಕಾರಿಕೊಂಡರೆ ಹತ್ತು ನಿಮಿಷ ಬಿಟ್ಟು ಮತ್ತೆ ಮೊದಲಿಂದ.

ಎರಡು ಸಲ ಕಾರಿಕೊಂಡಿತು. ಶಾಂಭವಿಯ ಚಮಚದಿಂದ ಅರ್ಧ ನೀರು ಕೂಸಿನ ಗದ್ದಕ್ಕೆ ಚೆಲ್ಲಿತು.

ಹುಲಿಗೆವ್ವ ಚಮಚಕ್ಕೆ ಕೈ ಚಾಚಿದಳು. "ಕೊಡ್ರಿ ಇಲ್ಲೆ. ಐದು ಮಕ್ಕಳನ್ನ ಸಾಕೀನಿ. ಎಷ್ಟು ಹೊತ್ತಿಗೆ ಎಷ್ಟು ಅಂತ ಹೇಳ್ರಿ ಸಾಕು."

"ಮೊದಲ ಕೈ ತೊಳ್ಕೊ."

"ನಾನೂ ಏನ್ರಿ?"

"ನೀನೂ."

ಈ ಸಲ ತಂಬಿಗೆ ಹಿಡಿದವಳು ಶಾಂಭವಿ.

ಬಿಸಿಲು ಏರಿತು. ತಗಡು ಕಾದು ಗುಡಿಸಲು ಒಲೆಯಂತಾಯಿತು. ಸೊಸೆ ಗಾಳೆವ್ವ ಮೊರದಿಂದ ಗಾಳಿ ಹಾಕುತ್ತಿದ್ದಳು. ಹುಲಿಗೆವ್ವ ಚಮಚದ ಮೇಲೆ ಚಮಚ ಹಾಕುತ್ತಾ ಹೋದಳು. ಕ್ವಾರಿಯಲ್ಲಿ ಸುತ್ತಿಗೆ ಹಿಡಿದ ಕೈ ಒಂದು ಹನಿಯನ್ನೂ ಚೆಲ್ಲಲಿಲ್ಲ. ಮಧ್ಯಾಹ್ನಕ್ಕೆ ಕೂಸು ತಾನಾಗಿ ಚಮಚ ಹುಡುಕತೊಡಗಿತು. ಗಾಡಿಯವನಿಗೆ ಇನ್ನೂ ಸ್ವಲ್ಪ ನಿಲ್ಲು ಅಂದರು.

ಹೊತ್ತು ಇಳಿಯುವಾಗ ಹುಲಿಗೆವ್ವ ಒಮ್ಮೆಲೆ ಕೂಗಿದಳು, "ಹೊಯ್ತು! ಉಚ್ಚಿ ಹೊಯ್ತು! ನನ್ನ ಸೀರಿ ತುಂಬ ಹೊಯ್ತು!"

ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಹುಲಿಗೆವ್ವ ಒದ್ದೆ ಸೀರೆಯನ್ನು ಎಲ್ಲರಿಗೂ ಎತ್ತಿ ತೋರಿಸುತ್ತಿದ್ದಳು. ಶಾಂಭವಿ ಗೋಡೆಗೆ ಒರಗಿ ಅಳುತ್ತಾ ನಗುತ್ತಿದ್ದಳು.

ಹೊರಡುವ ಹೊತ್ತಿಗೆ ಅವಳ ಕೈ ಅಭ್ಯಾಸಬಲದಿಂದ ಸಾಬೂನಿಗೆ ಹೋಯಿತು. ಅಲ್ಲೇ ನಿಂತಿತು.

ಅದನ್ನು ಹುಲಿಗೆವ್ವ ನೋಡಿದಳು. ತಾನೇ ತಂಬಿಗೆ ತುಂಬಿ ತಂದಳು.

"ತೊಳ್ಕೊರಿ ಅಕ್ಕಾರ. ಕೂಸಿನ ಬ್ಯಾನಿ ನಿಮಗ ಹತ್ತಿ ಗಿತ್ತೀತು."

ಶಾಂಭವಿ ತೊಳೆದುಕೊಳ್ಳುತ್ತಾ ಮೆಲ್ಲಗೆ ಹೇಳಿದಳು, "ದವಾಖಾನ್ಯಾಗೂ ನಾ ಮೊದಲ ತೊಳ್ಕೊಂಡ ನಿಮ್ಮನ್ನ ಮುಟ್ಟತಿದ್ನಿ ಹುಲಿಗೆವ್ವ. ಪರದೆ ಹಿಂದ."

"ಪರದೆ ಹಿಂದ ತೊಳ್ಕೊಂಡಿದ್ದು ನಮಗ ಹ್ಯಾಂಗ ಕಾಣಬೇಕ್ರಿ?" ಎಂದಳು ಹುಲಿಗೆವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮಗ ಕಂಡಿದ್ದು, ಮುಟ್ಟಿದ ಕೂಡ್ಲೆ ಪರದೆ ಸರಿಸಿ ಓಡಿ ಹೋಗಿ ತೊಳ್ಕೊಂಡಿದ್ದಷ್ಟ."

ಮರುದಿನ ಇನ್ನೆರಡು ಮನೆಯಲ್ಲಿ ಭೇದಿ ಶುರುವಾಯಿತು. ಭೇದಿಯ ಮೂಲ ಹುಡುಕಲು ಶಾಂಭವಿ ಮನೆಮನೆಯ ಪಟ್ಟಿ ಬರೆಯುತ್ತಾ ಕೂತಿದ್ದಾಗ ಹುಲಿಗೆವ್ವ ಬಂದು ಹೇಳಿದಳು, "ನೀವು ಬರಕೊಂಡಿದ್ದು ಸಾಕು. ಮೂರೂ ಮನಿಯವರು ಹಳೇ ಗುಂಡ್ಯಾಗಿನ ನೀರು ತರ್ತೀವಿ. ಉಳಿದವರು ಮ್ಯಾಲಿನ ಒರತಿಗೆ ಹೋಗ್ತಾರ."

ಹಳೆಯ ಗುಂಡಿ ಅಂದರೆ ಕಲ್ಲು ತೆಗೆದು ಬಿಟ್ಟ ಹೊಂಡ. ಅದರಲ್ಲಿ ಮಳೆಗಾಲದ ನೀರು ವರ್ಷವಿಡೀ ನಿಲ್ಲುತ್ತಿತ್ತು. ಶಾಂಭವಿ ಅದರ ಪಕ್ಕದಲ್ಲೇ ದಿನಾ ನಡೆದು ಹೋಗಿದ್ದಳು.

ಅವತ್ತು ಕ್ವಾರಿಯಿಂದ ಬಂದವರು ಸುತ್ತಿಗೆ ಕೆಳಗಿಡಲಿಲ್ಲ. ಗಂಡಸರು ಹೆಂಗಸರು ಸೇರಿ, ಬೆಳಕು ಇರುವಷ್ಟರಲ್ಲೇ ಯಾರೂ ನೀರಿಗೆ ಇಳಿಯದಂತೆ ಗುಂಡಿಯ ಸುತ್ತ ಎದೆಮಟ್ಟ ಕಲ್ಲು ಪೇರಿಸಿದರು. ಮುಂದಿನ ವಾರ ಒರತೆಗೆ ಕಟ್ಟೆ ಕಟ್ಟಿದರು. ಕುದಿಸದೆ ಕುಡಿದವರಿಗೆ ಹುಲಿಗೆವ್ವ ಬೈದಳು. ಅವಳ ಬೈಗುಳಕ್ಕೆ ಶಾಂಭವಿಯ ಹತ್ತು ಉಪದೇಶದ ತೂಕವಿತ್ತು.

ದವಾಖಾನೆಯ ಪರದೆ ಹೋಯಿತು. ಬೋಗುಣಿ ಅಂಗಳಕ್ಕೆ ಬಂತು. ಬೋಗುಣಿ ಸಣ್ಣದಾಯಿತೆಂದು ಕ್ವಾರಿಯವರು ಒಂದೇ ಬಂಡೆಯಲ್ಲಿ ದೊಡ್ಡ ಕಲ್ಲುಬಾನಿ ಕೊರೆದು ಬಾಗಿಲ ಮುಂದೆ ಇಟ್ಟರು. ಬಂದವರು ತೊಳೆದುಕೊಳ್ಳುವರು, ಶಾಂಭವಿಯೂ ಅವರೆದುರೇ ತೊಳೆದುಕೊಳ್ಳುವಳು. ಆಮೇಲೆ ನಾಡಿ ಹಿಡಿಯುವುದು.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಅವಳು ಅಜ್ಜನ ಹತ್ತಿರ ಬಂದಳು. ಮುಖ ಬಿಗಿದಿತ್ತು.

"ಜನಾ ಯಾಕ ಬರ್ತಿರಲಿಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಬರಮಪ್ಪ ಹೇಳಿದ್ದ."

"ನನಗ ಯಾಕ ಬಾಯಿಬಿಟ್ಟು ಹೇಳ್ಲಿಲ್ಲ?"

"ಹೇಳಿದ್ರ ಏನ್ ಮಾಡ್ತಿದ್ದಿ?"

ಶಾಂಭವಿ ಯೋಚಿಸಿದಳು. "ಅವರನ್ನೆಲ್ಲ ಕೂಡಿಸಿ, ಕೈ ಯಾಕ ತೊಳ್ಕೊಬೇಕಂತ ತಿಳಿಸಿ ಹೇಳ್ತಿದ್ದೆ."

"ಅದಕ್ಕ ಹೇಳ್ಲಿಲ್ಲ."

ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಕೂಸಿಗೆ ಏನರ ಆಗಿದ್ರ?"

ಅಜ್ಜ ಹೊಳೆಯ ಕಡೆ ನೋಡಿದರು. ಅವರ ಕಣ್ಣು ತೇವವಾಗಿದ್ದನ್ನು ಶಾಂಭವಿ ಅವತ್ತೇ ಮೊದಲು ಕಂಡದ್ದು.

"ಅದು ನನ್ನ ತಪ್ಪಾಗತಿತ್ತು ಮಗಳ. ಆ ದಿನ ಕೂಸು ಉಳೀತಂತ ಬರಮಪ್ಪ ಸುದ್ದಿ ತರೂತನಾ ನಾನು ಹೊಳಿ ದಂಡಿಮ್ಯಾಗ ನಿಂತಿದ್ನಿ. ಗುರು ಅನಿಸಿಕೊಂಡವಗ ಎಲ್ಲಾನೂ ತಿಳಿತೈತಿ ಅಂತ ತಿಳೀಬ್ಯಾಡ."

ಶಾಂಭವಿಯ ಸಿಟ್ಟು ಇಳಿಯಿತು. ಅಡುಗೆಮನೆಗೆ ಹೋಗಿ ಬಿಸಿರೊಟ್ಟಿ, ಪುಂಡಿಪಲ್ಲೆ ತಂದು ಅವರ ಮುಂದಿಟ್ಟಳು. ಅಜ್ಜ ಒಂದು ತುತ್ತು ಬಾಯಿಗಿಟ್ಟು, ಉಪ್ಪು ಕಡಿಮೆಯಾಗಿದೆ ಎಂದು ಬೈದರು. ಬಾಗಿಲಾಚೆ ಐವರು ಶಿಷ್ಯರು ಮುಖ ಮುಖ ನೋಡಿಕೊಂಡರು.

ಎರಡು ವರ್ಷ ಕಳೆಯಿತು. ಕಲ್ಲಿನ ದೂಳಿಗೆ ಮೂಗಿಗೆ ಬಟ್ಟೆ ಕಟ್ಟುವುದು, ಬಸುರಿಯರ ತೂಕ ನೋಡುವುದು, ಕೂಸುಗಳಿಗೆ ಚುಚ್ಚುಮದ್ದಿನ ದಿನ ನೆನಪಿಡುವುದು ಎಲ್ಲ ಹುಲಿಗೆವ್ವನ ಕೈಗೆ ಬಂದಿತ್ತು. ಓದು ಬಾರದ ಅವಳು ಎಂಬತ್ತು ಮನೆಯ ಕೆಮ್ಮನ್ನೂ ಕೇಳಿಯೇ ಗುರುತಿಸುವಳು.

ಒಂದು ದಿನ ಹೊಳೆಯ ಕೆಳಗಿನ ಇಟ್ಟಿಗೆ ಭಟ್ಟಿಯವರು ಹೇಳಿ ಕಳಿಸಿದರು, ತಮ್ಮಲ್ಲಿಗೂ ಒಂದು ದವಾಖಾನೆ ಬೇಕಂತೆ. ಶಾಂಭವಿ ಉತ್ಸಾಹದಿಂದ ಅಜ್ಜನ ಬಳಿ ಓಡಿದಳು.

"ಭಟ್ಟಿ ಮಂದಿ ಕರ್ಯಾಕತ್ತಾರ ಅಜ್ಜಾರ. ಈ ಸಲ ತಪ್ಪು ಮಾಡೂದಿಲ್ಲ. ಯಾವಾಗ ಹೋಗ್ಲಿ?"

"ಹುಲಿಗೆವ್ವನ್ನ ಕಳಸು."

ಶಾಂಭವಿ ಅರೆಗಳಿಗೆ ತಬ್ಬಿಬ್ಬಾದಳು. ಮನಸ್ಸಿಗೆ ಸಣ್ಣದೊಂದು ಮುಳ್ಳು ಚುಚ್ಚಿತು. ಹುಲಿಗೆವ್ವ ಆ ಭಟ್ಟಿಯ ಗುಡಿಸಲುಗಳ ಬಾಗಿಲಲ್ಲಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಂಬಿಗೆ ಕೇಳುವುದು ಕಣ್ಣಿಗೆ ಕಟ್ಟಿತು. ಮುಳ್ಳು ತಾನಾಗಿ ಉದುರಿತು.

"ಆತ್ರಿ," ಎಂದಳು. ಆದರೂ ತಡೆಯಲಾರದೆ ಕೇಳಿದಳು, "ಮತ್ತ ನಾನು?"

ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟರು.

"ಆಕಿ ಚೀಲಾ ಹೊರಾಕ ಒಬ್ಬರು ಬೇಕಲ್ಲವ್ವ."