ಎರಡು ಮುಖದ ಬೋರ್ಡು

ಶಿವಪುತ್ರನ ಕರದಂಟಿನ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು. ಬೆಲ್ಲದ ಪಾಕ ತಿರುವುವವನು ಅದರ ಹದ ಹೇಳಬಾರದು. ಒಲೆಯ ಮುಂದೆ ನಿಂತವನಿಗೆ ಹೊಗೆ, ಬೆವರು, ಅವಸರ. ಅದಕ್ಕೇ ಹದ ನೋಡುವವರು ಬೇರೆ. ಶಿವಪುತ್ರ ಸಟ್ಟುಗ ಹಿಡಿದು ತಿರುವುತ್ತಿದ್ದ. ಅವನ ಅಕ್ಕ ಕಾಶವ್ವ ನೀರಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಆಗಾಗ ಒಂದು ಹನಿ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವಳು. ಉಂಡೆ ನಿಂತಿತೋ, "ಇಳಸು" ಅನ್ನುವಳು. ಮರುಮಾತಿಲ್ಲದೆ ಕಡಾಯಿ ಕೆಳಗಿಳಿಯಬೇಕು. ಅವರಪ್ಪನ ಕಾಲದಿಂದ ಹಾಗೇ ನಡೆದುಬಂದಿತ್ತು.

ಶಿವಪುತ್ರನ ಕೈಗುಣ ದೊಡ್ಡದು. ಆದರೆ ಕೋಪ ಮೂಗಿನ ತುದಿಯಲ್ಲೇ. ನಗುತ್ತ ಬಂದವನು ಚಹಾ ತಣ್ಣಗಿದೆ ಎಂದು ಮಧ್ಯಾಹ್ನದವರೆಗೂ ಮುಖ ಗಂಟಿಕ್ಕಿಕೊಂಡಿರುವನು. ಪೇಟೆಯವರು ಅವನನ್ನು ಸಿಡುಕ ಎನ್ನುತ್ತಿದ್ದರು. ಆ ಮಾತು ಅವನಿಗೆ ಚುಚ್ಚುತ್ತಿತ್ತು. ಚುಚ್ಚುತ್ತಿದ್ದುದರಿಂದಲೇ ಸಂಜೆ ಬಾಗಿಲು ಹಾಕುವಾಗ ಬೈಸಿಕೊಂಡವರ ಕೈಗೆ ಒಂದು ತುಂಡು ಕರದಂಟು ಇಟ್ಟು, "ತಪ್ಪಾತು, ಮನಸಿನ್ಯಾಗ ಇಟ್ಕೋಬ್ಯಾಡ್ರಿ" ಅನ್ನುತ್ತಿದ್ದ. ಹಾಗಾಗಿ ಯಾರೂ ಅವನನ್ನು ಬಿಟ್ಟು ಹೋಗಿರಲಿಲ್ಲ.

ಹೀಗಿರುವಾಗ ವ್ಯಾಪಾರಿಗಳ ಸಂಘದವರು ವ್ಯಕ್ತಿತ್ವ ವಿಕಸನದ ಶಿಬಿರ ಮಾಡಿದರು. ಕೋಟು ತೊಟ್ಟ ತರಬೇತುದಾರರು ಶಿವಪುತ್ರನನ್ನು ವೇದಿಕೆಗೆ ಕರೆದು, "ಸರ್, ನೀವು ಮೂಡಿ. ಸ್ವಲ್ಪ ಶಾರ್ಟ್ ಟೆಂಪರ್ಡ್. ಆದರೆ ವೆರಿ ಸೆನ್ಸಿಟಿವ್!" ಎಂದರು. ಕೂತವರೆಲ್ಲ ಚಪ್ಪಾಳೆ ತಟ್ಟಿದರು.

ಕನ್ನಡದಲ್ಲಿ ಬೈಗುಳವಾಗಿದ್ದದ್ದು ಇಂಗ್ಲಿಷಿನಲ್ಲಿ ಬಿರುದಾಗುವುದು ನಮ್ಮ ಕಾಲದ ಚಮತ್ಕಾರ. ಸಿಡುಕ ಎಂದರೆ ತಲೆ ತಗ್ಗಿಸುತ್ತಿದ್ದವನು ಮೂಡಿ ಎಂದ ಕೂಡಲೇ ಎದೆಯುಬ್ಬಿಸಿ ಮನೆಗೆ ಬಂದ. ಮರುದಿನವೇ ಒಂದು ಬೋರ್ಡು ಬರೆಸಿ ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ. ಒಂದು ಮುಖದಲ್ಲಿ 'ಮೂಡ್ ಸರಿ ಇದೆ', ಇನ್ನೊಂದು ಮುಖದಲ್ಲಿ 'ಮೂಡ್ ಸರಿ ಇಲ್ಲ, ಮಾತಾಡಿಸಬೇಡಿ'. ಬೋರ್ಡು ದಿನಕ್ಕೆ ಎಷ್ಟು ಸಲ ತಿರುಗುತ್ತಿತ್ತೋ ಶಿವನೇ ಬಲ್ಲ. ಸಂಜೆಯ ಕರದಂಟೂ ನಿಂತಿತು, ತಪ್ಪಾತು ಎನ್ನುವ ಮಾತೂ ನಿಂತಿತು. ಯಾರಾದರೂ ಬೇಸರಪಟ್ಟರೆ, "ನಾ ಮೂಡಿ ಅದೀನಿ. ನೀವ ಅಡ್ಜಸ್ಟ್ ಆಗ್ಬೇಕು" ಅನ್ನುವನು.

ಅಷ್ಟರಲ್ಲಿ ಕಾಶವ್ವನ ಮಗಳಿಗೆ ಹೆರಿಗೆಯಾಯಿತು. ಬಾಣಂತಿಗೆ ಸೋದರಮಾವನ ಕೈಯಿಂದ ಮಾಡಿದ ಕರದಂಟು ಹೋಗಬೇಕು, ಅದು ಆ ಮನೆತನದ ಪದ್ಧತಿ. ಸಂಜೆಯ ಬಸ್ಸಿಗೆ ಕಾಶವ್ವ ಅದನ್ನು ಒಯ್ಯುವುದೆಂದಾಯಿತು. ತಾಯಿಯ ಮನಸ್ಸಲ್ಲವೇ, ನಸುಕಿನಲ್ಲೇ ಎದ್ದು ಕರದಂಟಿಗೆ ಹಾಕುವ ತಿನ್ನುವ ಅಂಟು ಹುರಿದಳು, ಉತ್ತತ್ತಿ ಹೆಚ್ಚಿದಳು, ಒಣಕೊಬ್ಬರಿ ತುರಿದಳು.

ಅಂಗಡಿಗೆ ಬಂದ ಶಿವಪುತ್ರ ಅಂಟಿನ ಬುಟ್ಟಿ ನೋಡಿ, "ಇಷ್ಟ ಕೆಂಪಗ ಯಾರ ಹುರೀ ಅಂದ್ರು?" ಎಂದು ಎಲ್ಲರೆದುರು ಅಕ್ಕನ ಮೇಲೆ ರೇಗಿದ. ಬೋರ್ಡು ತಿರುಗಿಸಿದ. ಒಲೆ ಹೊತ್ತಿಸಿದ.

ಪಾಕ ಕುದಿಯಿತು. ಕಾಶವ್ವ ಹನಿ ಬಿಟ್ಟಳು, ಉಂಡೆ ನಿಂತಿತು.

"ತಮ್ಮಾ, ಇಳ..."

"ಬೋರ್ಡ್ ಕಾಣಂಗಿಲ್ಲೇನು? ಮಾತಾಡಬ್ಯಾಡ ಅಂದ್ರ ಮಾತಾಡಬ್ಯಾಡ!"

ಕಾಶವ್ವ ಬಾಯಿ ಮುಚ್ಚಿದಳು. ಕಣ್ಣಲ್ಲಿ ನೀರು ಬಂತು. ಬಟ್ಟಲನ್ನು ನೆಲಕ್ಕಿಟ್ಟಳು. ಕೆಲಸದವರು ಬೋರ್ಡು ನೋಡಿದರು, ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ಶಿವಪುತ್ರ ತಿರುವುತ್ತಲೇ ಇದ್ದ. ಪಾಕ ಕಪ್ಪಾಯಿತು. ಅವನಿಗೆ ವಾಸನೆ ಹತ್ತುವಷ್ಟರಲ್ಲಿ ಸಟ್ಟುಗವೇ ಅಲ್ಲಾಡದಂತಾಗಿತ್ತು.

"ಹದ ಯಾಕ ಹೇಳಲಿಲ್ಲ?" ಎಂದು ಕೂಗಿದ.

ಕಾಶವ್ವ ಗೋಡೆಯತ್ತ ಬೆರಳು ತೋರಿಸಿದಳು.

"ಅಕ್ಕಾ, ನಾ ಮೂಡಿ ಅದೀನಿ ಅಂತ ನಿನಗ ಗೊತ್ತಿಲ್ಲೇನು?"

"ನನಗ ಗೊತ್ತೈತಪ್ಪ, ಪಾಕಕ್ಕ ಗೊತ್ತಿಲ್ಲ" ಎಂದಳು ಕಾಶವ್ವ. ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. "ನನಗೂ ಒಂದು ಮನಸ್ಸೈತಿ. ಅದಕ್ಕ ಯಾರೂ ಬೋರ್ಡ್ ಬರಸಲಿಲ್ಲ. ನಾ ಹಂಗ ಬರಿಗೈಲೆ ಮಗಳ ಕಡೆ ಹೋಗ್ತೀನಿ. ನಾಳಿಂದ ಹದ ನೋಡಾಕ ಬ್ಯಾರೆಯವರನ್ನ ಇಟ್ಕೋ."

ಅವಳು ಹೊಸ್ತಿಲು ದಾಟುವುದನ್ನು ಶಿವಪುತ್ರ ನೋಡಿದ. ಹದ ಹೇಳಲು ಬೇರೆಯವರು ಸಿಕ್ಕಾರು, ಅಕ್ಕ ಎಲ್ಲಿ ಸಿಗುತ್ತಾಳೆ? ಓಡಿಹೋಗಿ ಅವಳ ಮುಂದೆ ನಿಂತ. ಸೆನ್ಸಿಟಿವ್ ಎಂಬ ಮಾತು ಆಗ ನೆನಪಿಗೆ ಬರಲಿಲ್ಲ. ಹಳೆಯ ಮಾತೇ ಬಾಯಿಗೆ ಬಂತು.

"ಅಕ್ಕಾ, ಮುಂಜಾನೆ ಎಲ್ಲಾರ ಮುಂದ ನಿನ್ನ ಮ್ಯಾಲೆ ಸಿಡುಕಿದೆ. ನಂದ ತಪ್ಪು. ಬಾಣಂತಿ ಹಾದಿ ನೋಡ್ತಿರ್ತಾಳ. ಬಸ್ಸಿಗೆ ಇನ್ನೂ ಹೊತ್ತೈತಿ, ಬಾ."

ಕಾಶವ್ವ ತಕ್ಷಣ ಕರಗಲಿಲ್ಲ, ಕರಗಬೇಕಾಗಿಯೂ ಇರಲಿಲ್ಲ. "ಆ ಬೋರ್ಡು?" ಎಂದಳು.

ಶಿವಪುತ್ರ ಅದನ್ನು ಕಿತ್ತು ಒಲೆಗೆ ಹಾಕಿದ. ಬೇರೆ ಕಡಾಯಿ ಇಟ್ಟು ಹೊಸ ಬೆಲ್ಲ ಒಡೆದ. ಬೋರ್ಡಿನ ಎರಡೂ ಮುಖಗಳು ಒಂದೇ ಉರಿಯಲ್ಲಿ ಉರಿದವು, ಬೆಲ್ಲ ಕರಗಿತು. ಕಾಶವ್ವ ಬಟ್ಟಲಿಗೆ ಹೊಸ ನೀರು ತುಂಬಿಕೊಂಡು ಕೂತಳು.

"ಇಳಸು" ಎಂದಳು.

ಶಿವಪುತ್ರ ಇಳಿಸಿದ.

ನೀತಿ: ನಮ್ಮ ಸಿಡುಕಿಗೆ ಯಾವ ಭಾಷೆಯಲ್ಲಿ ಎಂಥ ಚಂದದ ಹೆಸರಿಟ್ಟರೂ ಅದು ಸದ್ಗುಣವಾಗುವುದಿಲ್ಲ. ತಪ್ಪಾಯಿತು ಎಂದು ಹೇಳುವುದನ್ನು ಬಿಟ್ಟವನಿಗೆ, ಕೆಡುವ ಹೊತ್ತಿನಲ್ಲಿ ಎಚ್ಚರಿಸಲು ತನ್ನವರೂ ಬಾಯಿ ಬಿಡುವುದಿಲ್ಲ.